ಮೊದಲ ಕಂತು ಪುಕ್ಕಟೆ

ವಿಡಿಯೊ ಗೇಮ್‌ಗಳು ಮಕ್ಕಳ ಮೂಲಕ ಮನೆಯವರ ಕಾಸು ಕೀಳುತ್ತವೆ ಎಂಬ ದೂರು ಬಂದಾಗಲೆಲ್ಲ ಬೈಗುಳ ಬೀಳುವುದು ಪುಕ್ಕಟೆಯ ಆಮಿಷಕ್ಕೆ. ಅಮೆರಿಕದ ಪೂರ್ವ ಕರಾವಳಿಯ ಗೇಮ್ ಉದ್ಯಮದ ಇತಿಹಾಸ ನೋಡಿದರೆ ತಪ್ಪು ಬೇರೆಡೆ ಇದೆ. 1991ರಲ್ಲಿ ಟಿಮ್ ಸ್ವೀನಿ ಎಂಬ ವಿದ್ಯಾರ್ಥಿ ವಾಷಿಂಗ್ಟನ್ ಪಕ್ಕದ, ಮೇರಿಲ್ಯಾಂಡ್ ರಾಜ್ಯದ ಪೊಟೊಮ್ಯಾಕ್‌ನಲ್ಲಿ, ಅಪ್ಪ ಅಮ್ಮನ ಮನೆಯ ವಿಳಾಸದಿಂದಲೇ ‘ಝಡ್‌ಝಡ್‌ಟಿ’ ಎಂಬ ಆಟ ಮಾರತೊಡಗಿದರು. ಅದು ಶೇರ್‌ವೇರ್ ಕಾಲ. ಮೊದಲ ಕಂತನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು. ರುಚಿ ಹತ್ತಿದವರು ಹಣ ಕಳಿಸಿದರೆ ಮಿಕ್ಕ ಕಂತುಗಳ ಡಿಸ್ಕು ಅಂಚೆಯಲ್ಲಿ ಬರುತ್ತಿತ್ತು. ಸ್ವೀನಿಯವರ ತಂದೆ 2013ರವರೆಗೂ ಅದೇ ಮನೆಯಿಂದ ಡಿಸ್ಕು ರವಾನಿಸುತ್ತಿದ್ದರು! ಆಮಿಷ ಅಲ್ಲೂ ಇತ್ತು. ಆದರೆ ಕೊಳ್ಳುವವನಿಗೆ ಮಾಲು ಗೊತ್ತು, ಬೆಲೆ ಗೊತ್ತು, ಲಕೋಟೆ ಅಂಟಿಸುವ ತನಕ ಮನಸ್ಸು ಬದಲಿಸಲು ಪುರಸೊತ್ತೂ ಇತ್ತು. ನ್ಯಾಯ ಅನ್ಯಾಯಗಳ ಗೆರೆ ಎಳೆಯಬೇಕಾದದ್ದು ಇಲ್ಲೇ.

ಈ ಅಳತೆಯಲ್ಲಿ ನೋಡಿದರೆ ಕುಖ್ಯಾತವಾದ ಕುದುರೆ ಕವಚವೂ ಪಾಸಾಗುತ್ತದೆ. ಮೇರಿಲ್ಯಾಂಡಿನದೇ ಆದ ಬೆಥೆಸ್ಡಾ ಕಂಪನಿ 2006ರಲ್ಲಿ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವನ್ನು 2.50 ಡಾಲರಿಗೆ ಮಾರಿದಾಗ ಆಟಗಾರರು ಉಗಿದರು; ಇಂದಿಗೂ ಅದು ಗೇಲಿಯ ವಸ್ತು. ದುಬಾರಿಯೇನೋ ಹೌದು. ಆದರೆ ಮೋಸವಿರಲಿಲ್ಲ.

ಸ್ವೀನಿಯವರ ಎಪಿಕ್ ಗೇಮ್ಸ್ 1999ರಲ್ಲಿ ಉತ್ತರ ಕ್ಯಾರೊಲಿನಾದ ಕ್ಯಾರಿಗೆ ಹೋಯಿತು. ಅಲ್ಲಿಂದ 2017ರಲ್ಲಿ ಬಂದ ‘ಫೋರ್ಟ್‌ನೈಟ್’ನ ಒಂದು ಆವೃತ್ತಿಯಲ್ಲಿ ಲಾಮಾ ಆಕಾರದ ಗೊಂಬೆಗಳನ್ನು ಕೊಂಡು ಒಡೆಯಬೇಕಿತ್ತು, ಒಡೆಯದೆ ಒಳಗೇನಿದೆಯೆಂದು ತಿಳಿಯುತ್ತಿರಲಿಲ್ಲ. ಪುಕ್ಕಟೆ ಆವೃತ್ತಿಯ ಅಂಗಡಿಯ ಬಗ್ಗೆ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳು ಇನ್ನೂ ಗಂಭೀರ: ನಿದ್ದೆಗೆ ಜಾರಿದ ಪರದೆಯನ್ನು ಎಬ್ಬಿಸಲು ಒತ್ತಿದ ಗುಂಡಿಯೇ ಖರೀದಿಯಾಗುತ್ತಿತ್ತು, ಪಾತ್ರದ ವೇಷವನ್ನು ಸುಮ್ಮನೆ ನೋಡಹೋದವನ ಬೆರಳು ಪಕ್ಕದ ಗುಂಡಿಗೆ ತಾಗಿದರೂ ಅಷ್ಟೇ. ಬ್ಯಾಂಕಿಗೆ ತಕರಾರು ಕೊಟ್ಟವರ ಖಾತೆಗೆ ಬೀಗ ಬೀಳುತ್ತಿತ್ತು. 2022ರ ಡಿಸೆಂಬರಿನಲ್ಲಿ ಎಪಿಕ್ ಒಟ್ಟು 52 ಕೋಟಿ ಡಾಲರಿಗೆ ರಾಜಿಯಾಯಿತು. ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರಳಿಸಲು. ಉಳಿದದ್ದು ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪಕ್ಕೆ ದಂಡ.

ಬೇಡವಾದರೆ ಕೊಳ್ಳಬೇಡಿ, ಕೊಳ್ಳುವ ಕೆಲವರಿಂದಲೇ ಉಳಿದವರಿಗೆ ಆಟ ಬಿಟ್ಟಿ ಸಿಗುವುದು ಎನ್ನುತ್ತದೆ ಉದ್ಯಮ. ಮಾತು ಸುಳ್ಳಲ್ಲ. ಆದರೆ ಬಿಟ್ಟಿ ಆಟ ನಡೆಸಲು ಮರೆಮಾಚು ಬೇಕೇ ಬೇಕು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಅಟ್ಲಾಂಟಾ ಪಕ್ಕದ ಆಲ್ಫರೆಟಾದ ಹೈ-ರೆಜ್ ಸ್ಟುಡಿಯೋಸ್ ತನ್ನ ‘ಸ್ಮೈಟ್’ ಆಟದಲ್ಲಿ ಇರುವ ಮತ್ತು ಮುಂದೆ ಬರಲಿರುವ ದೇವತಾ ಪಾತ್ರಗಳನ್ನೆಲ್ಲ ಸುಮಾರು 30 ಡಾಲರಿಗೆ ಒಟ್ಟಿಗೇ ಕೊಡುತ್ತಿತ್ತು. ಅದೇ ಕಂಪನಿ ಒಳಗೇನಿದೆಯೆಂದು ಮೊದಲೇ ತಿಳಿಯದ ಅದೃಷ್ಟದ ಪೆಟ್ಟಿಗೆಗಳನ್ನೂ ಮಾರಿತು, ಆ ಮಾತು ಬೇರೆ. ತಂದೆತಾಯಿ ಕಣ್ಣಿಡಬೇಕು ಎನ್ನುವವರಿಗೂ ಉತ್ತರ ಎಪಿಕ್ ಮೇಲಿನ ಕಮಿಷನ್ನಿನ ದೂರಿನಲ್ಲೇ ಇದೆ: 2018ರವರೆಗೆ ಮಕ್ಕಳು ‘ಫೋರ್ಟ್‌ನೈಟ್’ನ ನಾಣ್ಯವಾದ ವಿ-ಬಕ್ಸ್ ಕೊಳ್ಳಲು ಕಾರ್ಡಿನ ಒಡೆಯರ ಒಪ್ಪಿಗೆಯೇ ಬೇಕಿರಲಿಲ್ಲ. ಕೇಳದೆಯೇ ಕಾಸು ಕಡಿತವಾದರೆ ಕಣ್ಣಿಡುವುದು ಎಲ್ಲಿ?

ಅದೃಷ್ಟದ ಪೆಟ್ಟಿಗೆಯಲ್ಲಿ ಏನು ಸಿಗುವ ಸಂಭವ ಎಷ್ಟೆಂದು ಪ್ರಕಟಿಸಿದರೆ ಸಾಕು ಎಂಬ ಪರಿಹಾರ 2019ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನಲ್ಲಿ ಕಮಿಷನ್ ನಡೆಸಿದ ಕಾರ್ಯಾಗಾರದಲ್ಲಿ ಉದ್ಯಮದಿಂದಲೇ ಬಂತು. ಹತ್ತು ವರ್ಷದ ಹುಡುಗನಿಗೆ ಶೇಕಡಾ ಲೆಕ್ಕ ಏನು ಹೇಳೀತು? ಅದಕ್ಕಿಂತ ಎಪಿಕ್ ತಾನೇ ಅದೇ ವರ್ಷದ ಜನವರಿಯಲ್ಲಿ ಮಾಡಿದ ಬದಲಾವಣೆ ಮೇಲು: ಲಾಮಾದ ಒಳಗಿನದು ಕೊಳ್ಳುವ ಮೊದಲೇ ಕಾಣುವಂತಾಯಿತು. 2025ರ ಜನವರಿಯಲ್ಲಿ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಟದ ಕಂಪನಿಯ ಮೇಲಿನ ಪ್ರಕರಣದಲ್ಲಿ ಕಮಿಷನ್ ಇನ್ನೊಂದು ಹೆಜ್ಜೆ ಮುಂದಿಟ್ಟು, ಅದೃಷ್ಟದ ಪೆಟ್ಟಿಗೆಯನ್ನು ಆಟದ ನಾಣ್ಯದಲ್ಲಿ ಮಾರುವುದಾದರೆ ನೇರ ಡಾಲರಿನಲ್ಲೂ ಕೊಳ್ಳುವ ದಾರಿ ಇರಬೇಕೆಂದಿತು. ಆದರೆ ಆ ಕಟ್ಟುಪಾಡು ಆ ಒಂದು ಕಂಪನಿಗೆ ಮಾತ್ರ. ಕ್ಯಾರಿಯ ವಿ-ಬಕ್ಸ್‌ಗೆ ಅದು ತಟ್ಟುವುದಿಲ್ಲ.