ವೋಟಿಲ್ಲದ ಹೆಣ್ಣು, ತಂಡದ ಒಡತಿ

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಒಬ್ಬ ಹೆಣ್ಣುಮಗಳಿಗೆ ತನ್ನ ದೇಶದ ಅಧ್ಯಕ್ಷನನ್ನು ಆರಿಸಲು ವೋಟು ಹಾಕುವ ಹಕ್ಕಿಲ್ಲ. ಆದರೆ ಅದೇ ದೇಶ ತಲೆ ಮೇಲೆ ಹೊತ್ತು ಕುಣಿಯುವ ಆಟದಲ್ಲಿ, ಅತಿ ದೊಡ್ಡ ಲೀಗಿನ ಒಂದು ತಂಡಕ್ಕೆ ಆಕೆ ಒಡತಿ! ಇಂಥದ್ದು ನಡೆಯೋಕೆ ಸಾಧ್ಯವಾ?

ನಡೆದಿದೆ. 1911ರಲ್ಲಿ, ಅಮೆರಿಕದಲ್ಲಿ. ಆಕೆಯ ಹೆಸರು ಹೆಲೆನ್ ಬ್ರಿಟನ್. ಆಟ ಬೇಸ್‌ಬಾಲ್. ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್.

ಬೇಸ್‌ಬಾಲ್ ನಮಗೆ ದೂರದ ಆಟ, ನಿಜ. ಆದರೆ ಈ ಕಥೆ ಅರ್ಥವಾಗೋಕೆ ಆಟದ ನಿಯಮ ಗೊತ್ತಿರಬೇಕಾಗಿಲ್ಲ. ಆಸ್ತಿ, ಉಯಿಲು, ಅಧಿಕಾರ, ಗಂಡ, ಮನೆತನ ಇಷ್ಟು ಗೊತ್ತಿದ್ದರೆ ಸಾಕು. ಅದು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಹೆಲೆನ್ ಹುಟ್ಟಿದ್ದು 1879ರಲ್ಲಿ, ಕ್ಲೀವ್‌ಲ್ಯಾಂಡ್ ನಗರದಲ್ಲಿ. ಅಪ್ಪ ಫ್ರಾಂಕ್ ರಾಬಿಸನ್ ಟ್ರಾಮ್ ಕಂಪನಿಯ ಸಾಹುಕಾರ. ಬಲೇ ಚಾಲಾಕಿ ಮನುಷ್ಯ. 1891ರಲ್ಲಿ ತನ್ನ ಬೇಸ್‌ಬಾಲ್ ಮೈದಾನವನ್ನು ಎಲ್ಲಿ ಕಟ್ಟಿಸಿದ ಗೊತ್ತಾ? ತನ್ನದೇ ಟ್ರಾಮ್ ಓಡುವ ದಾರಿಯಲ್ಲಿ. ಜನ ಆಟ ನೋಡೋಕೆ ಬಂದರೆ ಟಿಕೆಟ್ ದುಡ್ಡೂ ಅವನಿಗೆ, ಟ್ರಾಮ್ ದುಡ್ಡೂ ಅವನಿಗೆ!

ಫ್ರಾಂಕ್ ಮತ್ತು ಅವನ ತಮ್ಮ ಸ್ಟಾನ್ಲಿ ಸೇರಿ 1899ರಲ್ಲಿ ಇನ್ನೊಂದು ಕೆಲಸ ಮಾಡಿದರು. ಕ್ಲೀವ್‌ಲ್ಯಾಂಡ್ ತಂಡ ಕೈಯಲ್ಲಿರುವಾಗಲೇ ಸೇಂಟ್ ಲೂಯಿಸ್ ತಂಡವನ್ನೂ ಖರೀದಿಸಿದರು. ಆಮೇಲೆ ಕ್ಲೀವ್‌ಲ್ಯಾಂಡಿನ ಒಳ್ಳೊಳ್ಳೆ ಆಟಗಾರರನ್ನೆಲ್ಲ ಸೇಂಟ್ ಲೂಯಿಸ್‌ಗೆ ಸಾಗಿಸಿಬಿಟ್ಟರು. ಪರಿಣಾಮ? ಆ ವರ್ಷ ಕ್ಲೀವ್‌ಲ್ಯಾಂಡ್ ಗೆದ್ದದ್ದು 20 ಪಂದ್ಯ, ಸೋತದ್ದು 134. ಅಷ್ಟು ಹೀನಾಯ ಸೀಸನ್ ಲೀಗಿನ ಚರಿತ್ರೆಯಲ್ಲೇ ಇನ್ನೊಂದಿಲ್ಲ. ಮುಂದಿನ ವರ್ಷ ಲೀಗಿನಲ್ಲಿ ಆ ತಂಡವೇ ಇರಲಿಲ್ಲ. ಒಂದು ಊರಿನ ತಂಡವನ್ನು ಎರಡು ಸಹಿಯಲ್ಲಿ ಮುಗಿಸಿದ ಗಂಡಸರು ಇವರು. ಆಗ ಯಾರೂ ಇವರ ಯೋಗ್ಯತೆ ಪ್ರಶ್ನಿಸಿ ಕುರ್ಚಿಯಿಂದ ಇಳಿಸಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ. ಯಾಕೆಂದರೆ ಮುಂದೆ ಯೋಗ್ಯತೆಯ ಪ್ರಶ್ನೆ ಬರುತ್ತೆ, ಹೆಲೆನ್ ಬಂದಾಗ ಮಾತ್ರ ಬರುತ್ತೆ.

1908ರಲ್ಲಿ ಅಪ್ಪ ತೀರಿಕೊಂಡರು. 1911ರ ಮಾರ್ಚ್‌ನಲ್ಲಿ ಚಿಕ್ಕಪ್ಪ ಸ್ಟಾನ್ಲಿಯೂ ಹೋದರು. ಅವರಿಗೆ ಮದುವೆ ಆಗಿರಲಿಲ್ಲ, ಮಕ್ಕಳಿರಲಿಲ್ಲ. ಉಯಿಲು ತೆರೆದು ನೋಡಿದರೆ, ತಂಡದ ಮುಕ್ಕಾಲು ಪಾಲು ಹೆಲೆನ್‌ಗೆ, ಕಾಲು ಪಾಲು ಹೆಲೆನ್‌ಳ ತಾಯಿಗೆ. ಆಗ ಹೆಲೆನ್‌ಗೆ 32 ವರ್ಷ, ಎರಡು ಮಕ್ಕಳ ತಾಯಿ. ದೊಡ್ಡ ಲೀಗಿನಲ್ಲಿ ಅಲ್ಲಿಯವರೆಗೆ ಒಬ್ಬ ಹೆಂಗಸೂ ತಂಡದ ಒಡತಿಯಾಗಿರಲಿಲ್ಲ.

ನ್ಯಾಷನಲ್ ಲೀಗಿನಲ್ಲಿ ಒಟ್ಟು ಎಂಟು ತಂಡ. ಉಳಿದ ಏಳು ತಂಡಗಳ ಯಜಮಾನರ ಲೆಕ್ಕಾಚಾರ ಸರಳವಾಗಿತ್ತು. ಹೆಂಗಸು, ಇವತ್ತಲ್ಲ ನಾಳೆ ಮಾರ್ತಾಳೆ. ಆದರೆ ಹೆಲೆನ್ ಮಾರಲಿಲ್ಲ! ಮಾಲೀಕರ ಸಭೆ ಕರೆದರೆ ತಾನೇ ಹೋಗಿ ಕೂತಳು. ಬೇಸ್‌ಬಾಲ್ ಮಾತು ಕೇಳುತ್ತಲೇ ಬೆಳೆದ ಮನೆಮಗಳು ಆಕೆ. ಆದರೂ ಅಧ್ಯಕ್ಷರ ಕುರ್ಚಿಯಲ್ಲಿ ಮೊದಲಿಗೆ ಗಂಡಸರನ್ನೇ ಕೂರಿಸಬೇಕಾಯಿತು. ನಂತರ 1913ರಲ್ಲಿ ತನ್ನ ಗಂಡ ಸ್ಕೈಲರ್ ಬ್ರಿಟನ್‌ನನ್ನೇ ಕೂರಿಸಿದಳು. ಆಸ್ತಿ ಇವಳದು, ಬೋರ್ಡಿನ ಮೇಲೆ ಹೆಸರು ಅವನದು. ನಮ್ಮ ಪಂಚಾಯಿತಿಗಳಲ್ಲಿ ಹೆಂಡತಿ ಗೆದ್ದು ಗಂಡ ಆಡಳಿತ ಮಾಡೋದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಈಗ ಕೇಳಿ ಅಸಲಿ ಜಗಳ. ತಂಡದ ಮ್ಯಾನೇಜರ್ ರೋಜರ್ ಬ್ರೆಸ್ನಹಾನ್. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದ್ರೆ ಲೆಕ್ಕ ಬರೆಯುವವನಲ್ಲ. ಯಾರು ಆಡಬೇಕು, ಹೇಗೆ ಆಡಬೇಕು ಅಂತ ತೀರ್ಮಾನಿಸುವವನು. ಬ್ರೆಸ್ನಹಾನ್ ಸ್ವತಃ ಹೆಸರಾಂತ ಆಟಗಾರ, ಅಷ್ಟೇ ಮುಂಗೋಪಿ. 1911ರಲ್ಲಿ ತಂಡ ಪರವಾಗಿಲ್ಲ ಅನ್ನುವಂತೆ ಆಡಿತ್ತು. ಖುಷಿಯಾದ ಹೆಲೆನ್ ಅವನಿಗೆ ಐದು ವರ್ಷದ ಕರಾರು ಬರೆದುಕೊಟ್ಟಳು. ಮರುವರ್ಷ ತಂಡ 63 ಗೆದ್ದು 90 ಸೋತಿತು. ಏನಪ್ಪಾ ಹೀಗಾಯ್ತು ಅಂತ ಒಡತಿ ಕೇಳಿದರೆ, ಆಟ ಆಡಿಸೋದು ಹೇಗೆ ಅಂತ ಹೆಂಗಸಿನಿಂದ ಕಲಿಯಬೇಕಿಲ್ಲ ಅನ್ನೋ ಧಾಟಿಯಲ್ಲಿ ಅವನು ಬಾಯಿಗೆ ಬಂದಂತೆ ಮಾತಾಡಿದ.

ಹೆಲೆನ್ ಏನು ಮಾಡಿದಳು? ಕರಾರಿನಲ್ಲಿ ಇನ್ನೂ ವರ್ಷಗಳು ಬಾಕಿ ಇದ್ದವು. ಹಣ ಕೊಡಬೇಕಾಗುತ್ತೆ ಅಂತ ಗೊತ್ತಿತ್ತು. ಆದರೂ ಅವನನ್ನು ಮನೆಗೆ ಕಳಿಸಿದಳು. ಆ ಜಾಗಕ್ಕೆ ತಂದದ್ದು ಯಾರನ್ನ? ತಂಡದಲ್ಲೇ ಆಡುತ್ತಿದ್ದ ಮಿಲ್ಲರ್ ಹಗಿನ್ಸ್ ಅನ್ನುವ ಗಿಡ್ಡ ಮನುಷ್ಯನನ್ನ. ಕಾನೂನು ಓದಿದವನು, ಮರ್ಯಾದೆಯಿಂದ ಮಾತಾಡುವವನು. ಮೊದಲ ವರ್ಷ, 1913ರಲ್ಲಿ, ತಂಡ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಆಡಿಕೊಳ್ಳುವವರಿಗೆ ಹಬ್ಬ! ಆದರೆ ಹೆಲೆನ್ ಅವನನ್ನು ಬದಲಾಯಿಸಲಿಲ್ಲ. 1914ರಲ್ಲಿ ತಂಡ ಮೂರನೇ ಸ್ಥಾನಕ್ಕೆ ಏರಿತು.

ಅಷ್ಟರಲ್ಲಿ ಇನ್ನೊಂದು ಕಂಟಕ. ಫೆಡರಲ್ ಲೀಗ್ ಅಂತ ಹೊಸ ಲೀಗ್ ಹುಟ್ಟಿ, ಸೇಂಟ್ ಲೂಯಿಸ್ ಒಂದೇ ಊರಿನಲ್ಲಿ ಮೂರು ತಂಡಗಳಾದವು. ಗೇಟ್ ಕಲೆಕ್ಷನ್ ಹಂಚಿಹೋಯಿತು. ಎರಡು ಸೀಸನ್ ಕಳೆದು ಆ ಲೀಗ್ ಮುಚ್ಚಿತು. ಆಗ ಅಲ್ಲಿನ ಮಾಲೀಕನಿಗೆ ಒಂದು ತಂಡ ಕೊಟ್ಟು ಸಮಾಧಾನ ಮಾಡಬೇಕಿತ್ತು. ಯಾರ ತಂಡ ಕೊಡೋದು? ಎಲ್ಲರ ಕಣ್ಣು ಬಿದ್ದಿದ್ದು ಹೆಲೆನ್ ಮೇಲೆ. ಮಾರಿಬಿಡಮ್ಮಾ ಅಂತ ಒತ್ತಡ ಶುರುವಾಯಿತು. ಆಕೆ ಒಪ್ಪಲಿಲ್ಲ. ಕೊನೆಗೆ ಅವನು ಅದೇ ಊರಿನ ಇನ್ನೊಂದು ತಂಡ ಕೊಂಡುಕೊಂಡ.

ಹೊರಗಿನ ಯುದ್ಧ ಮುಗಿಯಿತು ಅನ್ನುವಾಗ ಮನೆಯೊಳಗಿನದು ಬೀದಿಗೆ ಬಂತು. 1916ರಲ್ಲಿ ಕುಡಿತ, ಹಿಂಸೆಯ ಆರೋಪ ಹೊರಿಸಿ ಹೆಲೆನ್ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಗಂಡ ಅಧ್ಯಕ್ಷ ಸ್ಥಾನದಿಂದ ಇಳಿದ. ಆ ಕುರ್ಚಿಯಲ್ಲಿ ಕೊನೆಗೂ ಆಕೆಯೇ ಕೂತಳು. ಉಯಿಲು ಓದಿ ಐದು ವರ್ಷ ಕಳೆದ ಮೇಲೆ!

ಅದೇ 1916ರ ಜೂನ್‌ನಲ್ಲಿ, ಅದೇ ಸೇಂಟ್ ಲೂಯಿಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಸಮಾವೇಶ ನಡೆಯಿತು. ಪ್ರತಿನಿಧಿಗಳು ಹೋಗುವ ರಸ್ತೆಯ ಎರಡೂ ಬದಿಗೆ ಸಾವಿರಾರು ಹೆಂಗಸರು ಬಿಳಿ ಬಟ್ಟೆ, ಹಳದಿ ಪಟ್ಟಿ ತೊಟ್ಟು ಮೌನವಾಗಿ ನಿಂತಿದ್ದರು. ಕೇಳಿದ್ದು ಒಂದೇ, ವೋಟು. ಅದು ದೇಶದ ಸಂವಿಧಾನದಲ್ಲಿ ಸೇರಿದ್ದು 1920ರಲ್ಲಿ. ಅಂದ್ರೆ ತಂಡ ನಡೆಸಿದ ಅಷ್ಟೂ ವರ್ಷ ಹೆಲೆನ್ ಕೈಗೆ ದೇಶದ ಅಧ್ಯಕ್ಷನನ್ನು ಆರಿಸುವ ಮತಪತ್ರ ಸಿಗಲಿಲ್ಲ.

1917ರಲ್ಲಿ ಆಕೆ ತಂಡವನ್ನು ಮಾರಿದಳು. ಮೂರು ಲಕ್ಷ ಡಾಲರಿಗೂ ಮೇಲಿನ ವ್ಯವಹಾರ. ಕೊಂಡಿದ್ದು ತನ್ನ ವಕೀಲ ಮುಂದೆ ನಿಂತು ಕಟ್ಟಿದ ಸ್ಥಳೀಯರ ಗುಂಪು. ತಂಡ ಆ ಊರಿನಲ್ಲೇ ಉಳಿಯಿತು. ಅಪ್ಪ, ಚಿಕ್ಕಪ್ಪ ಕ್ಲೀವ್‌ಲ್ಯಾಂಡಿಗೆ ಮಾಡಿದ್ದನ್ನು ನೆನೆಸಿಕೊಂಡರೆ ಇದು ಸಣ್ಣ ಮಾತಲ್ಲ.

ಹಾಗಾದರೆ ಹೆಲೆನ್ ಸೋತಳಾ, ಗೆದ್ದಳಾ? ಕಪ್ ಒಂದೂ ಬರಲಿಲ್ಲ, ಒಪ್ಪುತ್ತೇನೆ. ಆದರೆ 1926ರ ವರ್ಲ್ಡ್ ಸೀರೀಸ್ ನೋಡಿ. ಒಂದು ಕಡೆ ಕಾರ್ಡಿನಲ್ಸ್. ಆಟಗಾರನೂ ಮ್ಯಾನೇಜರೂ ಆಗಿದ್ದವನು ರೋಜರ್ಸ್ ಹಾರ್ನ್ಸ್‌ಬಿ. ಹುಡುಗನಾಗಿ ಅವನು ಈ ತಂಡಕ್ಕೆ ಬಂದಿದ್ದು 1915ರಲ್ಲಿ, ಹೆಲೆನ್ ಕಾಲದಲ್ಲಿ. ಎದುರಿಗೆ ನ್ಯೂಯಾರ್ಕ್ ಯಾಂಕೀಸ್. ಅದರ ಮ್ಯಾನೇಜರ್ ಯಾರು? ಹೆಲೆನ್ ನಂಬಿ ಪಟ್ಟ ಕಟ್ಟಿದ್ದ ಅದೇ ಮಿಲ್ಲರ್ ಹಗಿನ್ಸ್! ಏಳು ಪಂದ್ಯಗಳ ಹೋರಾಟದಲ್ಲಿ ಕಾರ್ಡಿನಲ್ಸ್ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದಿತು. ಎರಡೂ ಪಾಳಯದ ಚುಕ್ಕಾಣಿ ಆಕೆಯ ಕಾಲದವರ ಕೈಯಲ್ಲಿತ್ತು. ಆಟ ಗೊತ್ತಿಲ್ಲದ ಹೆಂಗಸು ಅಂದವರು ಇದಕ್ಕೆ ಏನಂತಾರೆ?

ಆಮೇಲೂ ಇಂಥ ಹೆಣ್ಣುಮಕ್ಕಳು ಬಂದರು. 1979ರಲ್ಲಿ ಗಂಡ ಸತ್ತ ಮೇಲೆ ಜಾರ್ಜಿಯಾ ಫ್ರಾಂಟಿಯರ್ ಕೈಗೆ ರ‍್ಯಾಮ್ಸ್ ಫುಟ್‌ಬಾಲ್ ತಂಡ ಬಂತು. ಮುಂದೆ ಆ ತಂಡವನ್ನು ಆಕೆ ಇದೇ ಸೇಂಟ್ ಲೂಯಿಸ್‌ಗೆ ತಂದು 2000ದ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಳು. ಬಾಸ್ಕೆಟ್‌ಬಾಲ್‌ನ ಲೇಕರ್ಸ್ ತಂಡವನ್ನು ಅಪ್ಪನ ನಂತರ ಮುನ್ನಡೆಸಿದವಳು ಜೀನಿ ಬಸ್. 2017ರಲ್ಲಿ ಆಕೆಯನ್ನು ಇಳಿಸಲು ಹೊರಟವರು ಹೊರಗಿನವರಲ್ಲ, ಸ್ವಂತ ಅಣ್ಣಂದಿರು. ಆಕೆ ಕೋರ್ಟ್ ಮೆಟ್ಟಿಲೇರಿದಳು, ಅವರು ಹಿಂದೆ ಸರಿದರು. 2020ರಲ್ಲಿ ತಂಡ ಚಾಂಪಿಯನ್ ಆಯಿತು. ಹೆಲೆನ್ ಕಾಲಕ್ಕೂ ಇದಕ್ಕೂ ನೂರು ವರ್ಷದ ಅಂತರ. ಜಗಳ ಮಾತ್ರ ಅದೇ.

ಆಸ್ತಿ ಜಗಳದ ಸುದ್ದಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಕೇಳಿಬರುವ ಮಾತು ಒಂದೇ: ‘ಪಾಲು ಕೊಟ್ಟಿದ್ದೀವಲ್ಲ, ಇನ್ನೇನು?’ ಪಾಲು ಕೊಡೋದು ಕಾಗದ. ಆ ಪಾಲನ್ನು ಅವಳೇ ನಡೆಸಲಿ ಅಂತ ಬಿಡೋದು ಬೇರೆ. ಹೆಲೆನ್‌ಗೆ ಮೊದಲನೆಯದು ಚಿಕ್ಕಪ್ಪನ ಉಯಿಲಿನಲ್ಲಿ ಬಂತು. ಎರಡನೆಯದಕ್ಕೆ ಮ್ಯಾನೇಜರ್ ಜೊತೆ, ಲೀಗಿನ ಯಜಮಾನರ ಜೊತೆ, ಕೊನೆಗೆ ಗಂಡನ ಜೊತೆಯೂ ಗುದ್ದಾಡಬೇಕಾಯಿತು.

1950ರಲ್ಲಿ ಆಕೆ ತೀರಿಕೊಂಡಳು. ಕಾರ್ಡಿನಲ್ಸ್ ಇವತ್ತಿಗೂ ಸೇಂಟ್ ಲೂಯಿಸ್‌ನಲ್ಲೇ ಆಡುತ್ತಿದೆ. ನಿಮ್ಮ ಮನೆಯಲ್ಲೂ ಮಗಳ ಹೆಸರಿಗೆ ಬರೆದ ಕಾಗದ ಬೀರುವಿನಲ್ಲಿ ಇರಬಹುದು. ಬೀಗದ ಕೈ ಯಾರ ಹತ್ತಿರ ಇದೆ ಅಂತ ಒಮ್ಮೆ ನೋಡಿ.