ಚೀನಾದ ಬಟ್ಟಲಿಗೆ ನಮ್ಮ ಗಂಜಿಯ ಹೆಸರು

ಹಾಂಗ್‌ಕಾಂಗಿನ ಬೀದಿಬದಿಯ ಗಂಜಿ ಅಂಗಡಿಯೊಂದಕ್ಕೆ ಹೋಗಿ ಇಂಗ್ಲಿಷ್ ಮೆನು ಕೇಳಿದರೆ ಅದರಲ್ಲಿ ‘ಕಾಂಜೀ’ ಎಂಬ ಪದ ಕಾಣುತ್ತದೆ. ಅದು ಚೀನೀ ಪದವಲ್ಲ. ಅಂಗಡಿಯವರು ತಮ್ಮ ಕ್ಯಾಂಟನೀಸ್‌ನಲ್ಲಿ ಅದನ್ನು ‘ಜುಕ್’ ಎನ್ನುತ್ತಾರೆ, ಬೀಜಿಂಗ್ ಕಡೆಯವರು ‘ಝೌ’ ಎನ್ನುತ್ತಾರೆ. ‘ಕಾಂಜೀ’ ಹೋದದ್ದು ನಮ್ಮ ಕಡೆಯಿಂದ. ತಮಿಳು, ಮಲಯಾಳಗಳ ಕಂಜಿ, ನಮ್ಮ ಗಂಜಿ, ಎಲ್ಲವೂ ಒಂದೇ ದ್ರಾವಿಡ ಬೇರಿನ ಚಿಗುರುಗಳು. ಗೋವೆಯಲ್ಲಿ ವೈದ್ಯನಾಗಿದ್ದ ಪೋರ್ಚುಗೀಸ್ ಪಂಡಿತ ಗಾರ್ಸಿಯಾ ದ ಓರ್ತಾ, ಇಲ್ಲಿನವರು ರೋಗಿಗೆ ಮೆಣಸು, ಜೀರಿಗೆ ಹಾಕಿದ ಅಕ್ಕಿತಿಳಿ ಕುಡಿಸುವುದನ್ನು 1563ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ‘ಕಾಂಜೆ’ ಎಂದೇ ಬರೆದ. ಪೋರ್ಚುಗಲ್ಲಿನಲ್ಲೂ ಬ್ರೆಜಿಲ್ಲಿನಲ್ಲೂ ಕೋಳಿ, ಅಕ್ಕಿ ಹಾಕಿ ಕುದಿಸಿದ ಸಾರಿಗೆ ಇವತ್ತಿಗೂ ‘ಕಾಂಜ’ ಎಂದೇ ಹೆಸರು. ಇದೇ ಪದವನ್ನು ಇಂಗ್ಲಿಷರು ಎತ್ತಿಕೊಂಡು ಪೂರ್ವದ ಎಲ್ಲ ಅಕ್ಕಿಗಂಜಿಗಳಿಗೂ ಹಚ್ಚಿದರು.

ಹೆಸರು ಇಲ್ಲಿಂದ ಹೋಯಿತು, ಬಟ್ಟಲು ಅಲ್ಲಿ ಮೊದಲೇ ಇತ್ತು. ಕನ್‌ಫ್ಯೂಶಿಯಸ್‌ನ ಪೂರ್ವಜನೊಬ್ಬ ಮಂತ್ರಿಯಾಗಿದ್ದೂ ತಾನು ಗಂಜಿಯುಂಡು ಬದುಕುವವನೆಂದು ತನ್ನ ಕಂಚಿನ ಪಾತ್ರೆಯ ಮೇಲೆ ಕೆತ್ತಿಸಿಕೊಂಡಿದ್ದನಂತೆ. ತಂದೆತಾಯಿ ತೀರಿಕೊಂಡಾಗ ಸಾಮ್ರಾಟನಿಂದ ಸಾಮಾನ್ಯನವರೆಗೆ ಎಲ್ಲರೂ ಉಣ್ಣಬೇಕಾದದ್ದು ಗಂಜಿಯೇ ಎಂದು ಮೆನ್ಸಿಯಸ್ ಹೇಳುತ್ತಾನೆ. ದುಃಖದಲ್ಲಿರುವವರಿಗೆ ಅಗಿಯುವ ಶ್ರಮವೂ ಬೇಡವಲ್ಲ! ಹಾನ್ ಕಾಲದ ಕೊನೆಯಲ್ಲಿ, ಸುಮಾರು ಕ್ರಿ.ಶ. 200ರ ಹೊತ್ತಿಗೆ ಬದುಕಿದ್ದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಜ್ವರಕ್ಕೆ ದಾಲ್ಚಿನ್ನಿ ಕಡ್ಡಿಯ ಕಷಾಯ ಬರೆದುಕೊಟ್ಟು, ಅದರ ಹಿಂದೆಯೇ ಬಿಸಿಯಾದ ತೆಳು ಗಂಜಿ ಕುಡಿದು, ಹೊದ್ದು ಮಲಗಿ, ಹಗುರಾಗಿ ಬೆವರಬೇಕೆಂದು ವಿಧಿಸಿದ. ನಮ್ಮ ಅಜ್ಜಿಯರ ಚಿಕಿತ್ಸೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಪೋರ್ಚುಗೀಸರಿಗಿಂತ ಸಾವಿರ ವರ್ಷಕ್ಕೂ ಹಿಂದೆ ಭಾರತದಿಂದ ಇನ್ನೊಂದು ಗಂಜಿಯ ಮಾತು ಚೀನಾ ತಲುಪಿತ್ತು. ಪಾಲಿ ವಿನಯಪಿಟಕದಲ್ಲಿ ಬುದ್ಧ ಯಾಗುವಿನ, ಅಂದರೆ ಗಂಜಿಯ, ಹತ್ತು ಗುಣಗಳನ್ನು ಹೇಳುತ್ತಾನೆ. ಅದನ್ನು ಕೊಡುವವನು ಆಯುಸ್ಸು, ವರ್ಣ, ಸುಖ, ಬಲ, ಪ್ರತಿಭೆಗಳನ್ನು ಕೊಟ್ಟಂತೆ. ಅದು ಹಸಿವು ನೀರಡಿಕೆ ಕಳೆಯುತ್ತದೆ, ವಾಯುವನ್ನು ಹದಕ್ಕೆ ತರುತ್ತದೆ, ಮೂತ್ರಕೋಶವನ್ನು ಶುದ್ಧಗೊಳಿಸುತ್ತದೆ, ಜೀರ್ಣಕ್ಕೆ ನೆರವಾಗುತ್ತದೆ. ಚೀನಾದ ಬೌದ್ಧ ವಿಹಾರಗಳಲ್ಲಿ ಬೆಳಗಿನ ಊಟಕ್ಕೆ ಕುಳಿತ ಭಿಕ್ಷುಗಳು ಗಂಜಿಯ ಈ ಹತ್ತು ಲಾಭಗಳನ್ನು ನೆನೆದೇ ಬಟ್ಟಲೆತ್ತುತ್ತಾರೆ. ಚಾಂದ್ರಮಾನ ವರ್ಷದ ಹನ್ನೆರಡನೇ ತಿಂಗಳ ಎಂಟನೇ ದಿನ ಧಾನ್ಯ, ಕಾಳು, ಖರ್ಜೂರ ಹಾಕಿ ಕುದಿಸುವ ‘ಲಾಬಾ’ ಗಂಜಿಯ ಹಿಂದೆ ಸುಜಾತೆ ಬುದ್ಧನಿಗಿತ್ತ ಪಾಯಸದ ನೆನಪಿದೆ.

ರುಚಿಯ ಕಥೆ ಬೇರೆ. 18ನೇ ಶತಮಾನದ ಕವಿ ಯುವಾನ್ ಮೆಯ್ ತನ್ನ ಪಾಕಗ್ರಂಥದಲ್ಲಿ ಗಂಜಿಗೊಂದು ಲಕ್ಷಣವನ್ನೇ ಬರೆದ. ನೀರು ಮಾತ್ರ ಕಂಡರೆ ಅದು ಗಂಜಿಯಲ್ಲ, ಅಕ್ಕಿ ಮಾತ್ರ ಕಂಡರೂ ಅಲ್ಲ, ಎರಡೂ ಬೇರೆಯೆನಿಸದಂತೆ ಬೆರೆಯಬೇಕು. ವ್ಯಾಪಾರಿಯೊಬ್ಬನ ಮನೆಯಲ್ಲಿ ಮೂರು ಸಲ ಎಲೆ ಬದಲಿಸಿದಂಥ ಭರ್ಜರಿ ಔತಣ ಮುಗಿಸಿ ಬಂದವನು, ಮನೆಯಲ್ಲಿ ಗಂಜಿ ಬೇಯಿಸಿಕೊಂಡು ಹಸಿವು ತಣಿಸಿಕೊಂಡದ್ದನ್ನೂ ಅವನೇ ಹೇಳಿಕೊಂಡಿದ್ದಾನೆ.

ಕ್ಯಾಂಟನ್ನಿನ ಅಂಗಡಿಗಳಲ್ಲಿ ಈ ಲಕ್ಷಣವನ್ನು ಇವತ್ತಿಗೂ ಪಾಲಿಸುತ್ತಾರೆ. ಒಂದು ಪಾಲು ಅಕ್ಕಿಗೆ ಹತ್ತು ಪಾಲೋ ಇನ್ನೂ ಹೆಚ್ಚೋ ನೀರು. ತೊಳೆದ ಅಕ್ಕಿಗೆ ಕೊಂಚ ಎಣ್ಣೆ, ಉಪ್ಪು ಸವರಿಟ್ಟು ಗಂಟೆಗಟ್ಟಲೆ ಕುದಿಸಿದರೆ ಕಾಳು ಅರಳಿ, ಒಡೆದು, ಕರಗಿ ರೇಷ್ಮೆಯಂತಾಗುತ್ತದೆ. ಕುದಿಯುವ ಗಂಜಿಯನ್ನು ತೆಳ್ಳಗೆ ಹೆಚ್ಚಿದ ಹಸಿ ಮೀನಿನ ಮೇಲೆ ಸುರಿದರೆ ಮೀನು ಬಟ್ಟಲಲ್ಲೇ ಬೇಯುತ್ತದೆ. ಮೇಲೆ ಶುಂಠಿ, ಈರುಳ್ಳಿ ಸೊಪ್ಪು. ಅದ್ದಿ ತಿನ್ನಲು ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ಕಡ್ಡಿ. ದೋಣಿಗಳಲ್ಲಿ ಮಾರುತ್ತಿದ್ದ ಕಾರಣಕ್ಕೆ ‘ದೋಣಿ ಗಂಜಿ’ ಎಂದು ಹೆಸರಾದದ್ದೂ ಉಂಟು. ಹಂದಿಯ ಈಲಿ, ಕರುಳು ಹಾಕಿದ್ದಕ್ಕೆ ‘ಪರೀಕ್ಷೆ ಪಾಸಾದ ಗಂಜಿ’ ಎಂದು ಹೆಸರು. ಬಡ ಹುಡುಗನೊಬ್ಬನಿಗೆ ಗಂಜಿ ಅಂಗಡಿಯವನು ದಿನವೂ ಬಿಟ್ಟಿ ಉಣಿಸಿದನೆಂದೂ, ಆ ಲುನ್ ವೆನ್‌ಷು ಮುಂದೆ 1499ರ ಸಾಮ್ರಾಜ್ಯದ ಪರೀಕ್ಷೆಯಲ್ಲಿ ಮೊದಲಿಗನಾದನೆಂದೂ ದಂತಕಥೆ. ಹತ್ತಿರದ ಚಾವ್‌ಝೋವ್ ಸೀಮೆಯವರು ಮಾತ್ರ ಕಾಳನ್ನು ಕರಗಿಸುವುದಿಲ್ಲ. ತಿಳಿನೀರಿನಲ್ಲಿ ಇಡಿಯಾಗಿ ಉಳಿದ ಅನ್ನ, ಪಕ್ಕದಲ್ಲಿ ಉಪ್ಪಿಗೆ ಹಾಕಿದ ಮೊಟ್ಟೆ, ತರಕಾರಿಯ ಉಪ್ಪಿನಕಾಯಿ. ನಮ್ಮ ಕರಾವಳಿಯ ಕುಚಲಕ್ಕಿ ಗಂಜಿ ಉಂಡವರಿಗೆ ಅಲ್ಲಿ ಯಾರೂ ಏನೂ ವಿವರಿಸಬೇಕಿಲ್ಲ.

ಆದರೆ ಈ ಸುಖದ ಬಟ್ಟಲು ಬಹುಕಾಲ ಬರಗಾಲದ ಬಟ್ಟಲೂ ಆಗಿತ್ತು. ವೇಯ್ ರಾಜ್ಯದಲ್ಲಿ ಬರ ಬಿದ್ದಾಗ ಗೊಂಗ್‌ಷು ವೆನ್‌ಝಿ ಎಂಬ ಅಧಿಕಾರಿ ಹಸಿದವರಿಗೆ ಗಂಜಿ ಹಂಚಿದನೆಂದು ‘ಲಿಜಿ’ ಗ್ರಂಥ ಹೊಗಳುತ್ತದೆ. ಅದೇ ಗ್ರಂಥದಲ್ಲಿ ಇನ್ನೊಂದು ಕಥೆಯಿದೆ. ದಾರಿಯಲ್ಲಿ ಅನ್ನ ಇಟ್ಟುಕೊಂಡು ಕುಳಿತಿದ್ದ ದಾನಿಯೊಬ್ಬ, ಹಸಿದು ತೂರಾಡುತ್ತ ಬಂದವನನ್ನು ‘ಏಯ್, ಬಾ ತಿನ್ನು’ ಎಂಬ ಧಾಟಿಯಲ್ಲಿ ಕರೆದ. ಇಂಥ ಕರೆಯ ಅನ್ನ ಉಣ್ಣದ್ದರಿಂದಲೇ ತನಗೆ ಈ ಗತಿ ಬಂದಿದೆ ಎಂದ ಆ ಮನುಷ್ಯ, ದಾನಿ ಕ್ಷಮೆ ಕೇಳಿದರೂ ಉಣ್ಣದೆ ಸತ್ತ.

ಮಿಂಗ್, ಚಿಂಗ್ ಕಾಲದಲ್ಲಿ ಗಂಜಿ ಕೇಂದ್ರಗಳು ಸರ್ಕಾರದ ವ್ಯವಸ್ಥೆಯೇ ಆದವು. ಕಳ್ಳ ಅಧಿಕಾರಿಗಳು ನೀರು ಬೆರೆಸದಂತೆ, ನೆಟ್ಟ ಕಡ್ಡಿ ಬೀಳದಷ್ಟು ಗಂಜಿ ಗಟ್ಟಿಯಿರಬೇಕೆಂಬ ಮಾತು ಬಳಕೆಯಲ್ಲಿತ್ತು. 1876ರಿಂದ 1879ರವರೆಗೆ ಉತ್ತರ ಚೀನಾದಲ್ಲಿ ಮಳೆ ಕೈಕೊಟ್ಟಾಗ ಸತ್ತವರು 95 ಲಕ್ಷದಿಂದ 1.3 ಕೋಟಿ ಎಂಬ ಅಂದಾಜಿದೆ. 1878ರ ಜನವರಿಯಲ್ಲಿ ತಿಯಾಂಜಿನ್‌ನ ಗಂಜಿ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು, ಆಶ್ರಯ ಪಡೆದಿದ್ದ ಸಾವಿರಾರು ಹೆಂಗಸರು, ಮಕ್ಕಳು ಸುಟ್ಟುಹೋದರು.

ಶಾಂತಸಾಗರ ಬಿಸಿಯೇರಿ ಮಳೆಯ ದಾರಿ ತಪ್ಪಿದ ಆ ವರ್ಷಗಳಲ್ಲೇ ನಮ್ಮ ನೆಲವೂ ಬೆಂದಿತು. ಧಾತು, ಈಶ್ವರ ಸಂವತ್ಸರಗಳ ಬರ ಅದು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಬೇಯಿಸಿದ ಊಟ ಹಂಚುವ ಕೇಂದ್ರಗಳು ಇಲ್ಲೂ ತೆರೆದವು. ಮದರಾಸು ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್, ದಿನವಿಡೀ ದುಡಿಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಚಿಲ್ಲರೆ ಕಾಸು ಸಾಕೆಂದು 1877ರಲ್ಲಿ ಲೆಕ್ಕ ಹಾಕಿದ. ಎಷ್ಟು ತೆಳುವಾದ ಗಂಜಿಯಲ್ಲಿ ಮನುಷ್ಯ ಬದುಕಿರಬಲ್ಲ ಎಂಬುದು ಅವರಿಗೆ ಖಜಾನೆಯ ಪ್ರಶ್ನೆಯಾಗಿತ್ತು.

ನೆರೆ ಬಂದು ಊರು ಮುಳುಗಿದಾಗ ನಮ್ಮ ಪತ್ರಿಕೆಗಳು ಈಗಲೂ ‘ಗಂಜಿ ಕೇಂದ್ರ’ ಎಂದೇ ಬರೆಯುವುದುಂಟು. ಸರ್ಕಾರಿ ಕಡತಗಳಲ್ಲಿ ಅದು ‘ಕಾಳಜಿ ಕೇಂದ್ರ’ವಾಗಿದೆ. ಹೆಸರು ಬದಲಾದದ್ದು ಒಳ್ಳೆಯದೇ ಇರಬಹುದು, ಆದರೆ ನಾಚಿಕೆ ಗಂಜಿಯದಾಗಿರಲಿಲ್ಲ. ಯುವಾನ್ ಮೆಯ್ ಔತಣದಿಂದ ಮರಳಿ ಉಂಡದ್ದೂ, ಬರದ ಸಾಲಿನಲ್ಲಿ ನಿಂತವರಿಗೆ ಸಿಕ್ಕಿದ್ದೂ ಅಕ್ಕಿ, ನೀರುಗಳ ಒಂದೇ ಅಡುಗೆ. ಸೌಟು ಯಾರ ಕೈಯಲ್ಲಿತ್ತು, ಅವರು ಯಾವ ದನಿಯಲ್ಲಿ ಕರೆದರು ಎಂಬಲ್ಲಷ್ಟೇ ವ್ಯತ್ಯಾಸ.