ದೂರಪ್ರಯಾಣದ ಮೋಟಾರ್‌ಸೈಕಲ್ಲೂ ಅದರ ಸಸ್ಪೆನ್ಷನ್ನೂ

ಮೋಟಾರ್‌ಸೈಕಲ್ಲಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನಿನ ಬಲವನ್ನೂ ವೇಗದ ವಿಕ್ರಮಗಳನ್ನೂ ವಿಸ್ತಾರವಾಗಿ ವರ್ಣಿಸಿ, ಚಕ್ರಕ್ಕೂ ಚೌಕಟ್ಟಿಗೂ ನಡುವೆ ಇರುವ ಸ್ಪ್ರಿಂಗು, ಡ್ಯಾಂಪರುಗಳ ವಿಚಾರವನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುವುದುಂಟು. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಇಕ್ಕೆಲದ ಪೆಟ್ಟಿಗೆಗಳಲ್ಲಿ ವಾರದ ಸಾಮಾನು ತುಂಬಿಕೊಂಡು, ಬೆಳಗಿನಿಂದ ಸಂಜೆಯವರೆಗೆ ನಾನಾ ಬಗೆಯ ರಸ್ತೆಗಳನ್ನು ಕ್ರಮಿಸುವ ದೂರಪ್ರಯಾಣಿಕನಿಗೆ, ದೇಹದ ಸುಖವೂ, ಬ್ರೇಕು ಹಿಡಿದಾಗ ಟೈರು ನೆಲವನ್ನು ಬಿಡದಿರುವ ಕ್ಷೇಮವೂ ದೊರೆಯುವುದು ಈ ಉಪೇಕ್ಷಿತ ಅಂಗದಿಂದಲೇ. ಕಾರ್ಖಾನೆಯಿಂದ ಬಂದ ಸಸ್ಪೆನ್ಷನ್ನನ್ನು ತೆಗೆದು ತನಗೆ ತಕ್ಕುದನ್ನು ಹಾಕಿಸಿಕೊಳ್ಳುವ ಪದ್ಧತಿ ಹೇಗೆ ಬೆಳೆದುಬಂದಿತೆಂಬುದನ್ನು ಅರಿಯಬೇಕಾದರೆ, ಅದರ ಹಿಂದಿರುವ ಸುಮಾರು ಒಂದು ಶತಮಾನದ ಶೋಧನೆಯನ್ನು ಅವಲೋಕಿಸಬೇಕು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಚಕ್ರಕ್ಕೆ ಗರ್ಡರ್ ಫೋರ್ಕಿನ ಆಶ್ರಯ ತಕ್ಕಮಟ್ಟಿಗೆ ಇದ್ದರೂ, ಹಿಂಚಕ್ರವು ಸಾಮಾನ್ಯವಾಗಿ ಚೌಕಟ್ಟಿಗೆ ಬಿಗಿಯಾಗಿ ಬಂಧಿತವಾಗಿದ್ದು, ಸವಾರನ ಬೆನ್ನನ್ನು ಕಾಪಾಡುವ ಹೊಣೆಯೆಲ್ಲ ಸೀಟಿನ ಕೆಳಗಿನ ಸ್ಪ್ರಿಂಗುಗಳ ಮೇಲೆ ಬಿದ್ದಿತ್ತು. ಹಿಂಚಕ್ರಕ್ಕೆ ಮೇಲೆ ಕೆಳಗೆ ಚಲಿಸುವ ಸ್ವಾತಂತ್ರ್ಯವನ್ನು ಕೊಟ್ಟರೆ ತಿರುವಿನಲ್ಲಿ ವಾಹನ ಓಲಾಡುವುದೆಂಬ ಶಂಕೆ ಆಗ ಪ್ರಬಲವಾಗಿತ್ತು. ಈ ಶಂಕೆಯನ್ನು ನಿವಾರಿಸುವುದಕ್ಕೆ ನಡೆದ ಪ್ರಯತ್ನಗಳಲ್ಲಿ ದೂರಪ್ರಯಾಣಕ್ಕೆ ನೇರವಾಗಿ ಸಂಬಂಧಿಸಿದುದು ಇಟಲಿಯ ಮೋಟೋ ಗುಟ್ಸಿಯದು. ಕೋಮೋ ಸರೋವರದ ತೀರದ ಮಾಂಡೆಲ್ಲೋ ಎಂಬಲ್ಲಿದ್ದ ಆ ಕಾರ್ಖಾನೆಯವರು ಎಂಜಿನಿನ ಕೆಳಗೆ ಅಡ್ಡಲಾಗಿ ಸ್ಪ್ರಿಂಗುಗಳನ್ನು ಅಡಗಿಸಿ ಹಿಂಚಕ್ರಕ್ಕೆ ಚಲನೆಯನ್ನು ಕೊಟ್ಟ ಒಂದು ಮಾದರಿಯನ್ನು ನಿರ್ಮಿಸಿದರು. ಅದರ ಯೋಗ್ಯತೆಯನ್ನು ಲೋಕಕ್ಕೆ ತೋರಿಸುವ ಉದ್ದೇಶದಿಂದ ಸ್ಥಾಪಕ ಕಾರ್ಲೋ ಗುಟ್ಸಿಯ ಸೋದರನಾದ ಜುಸೆಪ್ಪೆ ಗುಟ್ಸಿ 1928ರಲ್ಲಿ ಅದನ್ನೇರಿ, ಅಂದಿನ ಯೂರೋಪಿನ ಕಚ್ಚಾ ರಸ್ತೆಗಳನ್ನು ದಾಟಿ, ನಾರ್ವೆ ದೇಶದ ಆರ್ಕ್ಟಿಕ್ ವೃತ್ತದ ಸೀಮೆಯನ್ನು ಮುಟ್ಟಿದನು. ಆ ಮಾದರಿಗೆ 'ನಾರ್ಜೆ' ಎಂಬ ಹೆಸರು ನಿಂತಿತು. ಸಸ್ಪೆನ್ಷನ್ನಿಗೆ ಪ್ರವಾಸವೇ ಪರೀಕ್ಷೆಯೆಂಬುದನ್ನು ಇಷ್ಟು ಸ್ಪಷ್ಟವಾಗಿ ಸಾರಿದ ಘಟನೆ ಈ ಚರಿತ್ರೆಯಲ್ಲಿ ಮತ್ತೊಂದಿಲ್ಲವೆಂದು ನನ್ನ ಭಾವನೆ.

ಸ್ಪ್ರಿಂಗು ಆಘಾತವನ್ನು ನುಂಗುತ್ತದೆಯೇ ಹೊರತು ನಾಶಗೊಳಿಸುವುದಿಲ್ಲ; ನುಂಗಿದುದನ್ನು ಮರುಕ್ಷಣವೇ ಹಿಂದಿರುಗಿಸುತ್ತದೆ. ಆ ಮರುಪುಟಿತವನ್ನು ಶಮನಗೊಳಿಸಲು, ಅಂದರೆ ಡ್ಯಾಂಪಿಂಗಿಗೆ, ಮೊದಲು ಬಳಸಿದುದು ಪರಸ್ಪರ ಉಜ್ಜುವ ಬಿಲ್ಲೆಗಳ ಘರ್ಷಣೆಯನ್ನು. ಸಣ್ಣ ಏರುತಗ್ಗುಗಳಲ್ಲಿ ಅನವಶ್ಯಕವಾಗಿ ಬಿಗಿಹಿಡಿದು, ದೊಡ್ಡ ಹೊಡೆತದಲ್ಲಿ ಬೇಕಾದಷ್ಟು ತಡೆಯದಿರುವುದು ಅದರ ದೋಷ. ಕಿರಿದಾದ ರಂಧ್ರಗಳ ಮೂಲಕ ಹಾಯುವ ಎಣ್ಣೆಯಾದರೋ ಚಲನೆಯ ವೇಗ ಹೆಚ್ಚಿದಂತೆ ತನ್ನ ಪ್ರತಿರೋಧವನ್ನೂ ಹೆಚ್ಚಿಸಿಕೊಳ್ಳುತ್ತದೆ. ಈ ತತ್ತ್ವವನ್ನಾಧರಿಸಿದ ಟೆಲಿಸ್ಕೋಪಿಕ್ ಫೋರ್ಕನ್ನು ಬಿಎಂಡಬ್ಲ್ಯೂ ಸಂಸ್ಥೆ 1935ರಲ್ಲಿ ಆರ್12 ಮಾದರಿಯಲ್ಲಿ ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್, ಅಂದರೆ ಕೀಲಿನ ಮೇಲೆ ತೂಗಾಡುವ ತೋಳು, ಸ್ಪ್ರಿಂಗು ಡ್ಯಾಂಪರುಗಳು ಕೂಡಿದ ಇಕ್ಕೆಲದ ಶಾಕ್ ಜೋಡಿಯೊಡನೆ ವ್ಯಾಪಕವಾಗಿ ಬಂದಿತು. ರಾಯಲ್ ಎನ್‌ಫೀಲ್ಡ್ ಬುಲೆಟ್ ಅದನ್ನು ಧರಿಸಿ 1949ರಲ್ಲಿ ಮಾರಾಟಕ್ಕೆ ಬಂದು, 1955ರಿಂದ ಮದರಾಸಿನಲ್ಲಿಯೂ ಸಿದ್ಧವಾಗತೊಡಗಿತು. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾದಲ್ಲಿಯೂ ಇದ್ದುದು ಇದೇ ಏರ್ಪಾಟು. ನಮ್ಮ ಹಿಂದಿನ ತಲೆಮಾರು ಘಟ್ಟಗಳನ್ನು ಹತ್ತಿಳಿದುದು ಈ ಜೋಡಿ ಶಾಕ್‌ಗಳ ಮೇಲೆ.

ಮುಂದಿನ ಪ್ರಗತಿಯಲ್ಲಿ ಬಹುಪಾಲು ಪಂದ್ಯದ ಕಣದಲ್ಲಿ ಹುಟ್ಟಿ ಪ್ರವಾಸಿಯ ಬಳಿಗೆ ಬಂದುದು. ಬೆಲ್ಜಿಯಮ್ಮಿನ ಲೂಸಿಯೆನ್ ಟಿಲ್ಕೆನ್ಸ್ ಎಂಬ ಎಂಜಿನಿಯರನು ಕಲ್ಪಿಸಿದ ಒಂಟಿ ಶಾಕಿನ ಏರ್ಪಾಟನ್ನು ಯಮಾಹಾ ಸ್ವೀಕರಿಸಿ, 1973ರಲ್ಲಿ 250 ಸಿಸಿ ಮೋಟೋಕ್ರಾಸ್ ಜಾಗತಿಕ ಪ್ರಶಸ್ತಿಯನ್ನು ಗಳಿಸಿತು. 1976ರಲ್ಲಿ ಸ್ವೀಡನ್ನಿನ ಕೆಂತ್ ಓಲಿನ್ ತನ್ನದೇ ಹೆಸರಿನ ಓಲಿನ್ಸ್ ಸಂಸ್ಥೆಯನ್ನು ಸ್ಥಾಪಿಸಿ, ಎಣ್ಣೆಯನ್ನು ಒತ್ತಡದಲ್ಲಿಟ್ಟ ನೈಟ್ರೋಜನ್ನಿನಿಂದ ಬೇರ್ಪಡಿಸಿಟ್ಟ ಶಾಕ್‌ಗಳಿಗೆ ಖ್ಯಾತಿ ತಂದನು. ದೂರದ ಕೆಟ್ಟ ರಸ್ತೆಯಲ್ಲಿ ಸಾಮಾನ್ಯ ಶಾಕಿನ ಎಣ್ಣೆ ಕಾದು, ಗಾಳಿಯೊಡನೆ ಬೆರೆತು ನೊರೆಯಾಗಿ, ಮಧ್ಯಾಹ್ನದ ಹೊತ್ತಿಗೆ ತಡೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದನ್ನು ಅನುಭವಿಸಿದವರಿಗೆ ಈ ಬೇರ್ಪಡಿಕೆಯ ಬೆಲೆ ತಿಳಿದೀತು. ಮುಂಚಕ್ರದ ಫೋರ್ಕಿನಲ್ಲಿಯೂ ಹೀಗೆಯೇ: ಸ್ಥಿರರಂಧ್ರವುಳ್ಳ ಹಳೆಯ ರಚನೆಯಲ್ಲಿ ಪ್ರತಿರೋಧವು ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ, ಬ್ರೇಕು ಹಿಡಿದಾಗ ಮೆತ್ತಗೆ ಮುಳುಗುವ ಫೋರ್ಕು ಹೊಂಡದ ಅಂಚಿಗೆ ತಗಲಿದಾಗ ಕಲ್ಲಿನಂತಾಗುತ್ತದೆ. ಬಾಗುವ ತೆಳು ತಗಡುಗಳ ಕವಾಟವುಳ್ಳ ಕಾರ್ಟ್ರಿಜ್ ಈ ದೋಷವನ್ನು ಬಹುಪಾಲು ನೀಗಿತು. ಹಳೆಯ ಫೋರ್ಕಿನೊಳಗೇ ಕೂರಿಸಬಹುದಾದ ಎಮ್ಯುಲೇಟರ್ ಎಂಬ ಕವಾಟವು ಅಲ್ಪವ್ಯಯದಲ್ಲಿ ಅದೇ ಫಲದ ಸಮೀಪಕ್ಕೆ ತಂದಿತು.

ತಯಾರಕರೂ ಕೈಕಟ್ಟಿ ಕುಳಿತಿರಲಿಲ್ಲ. ಹೋಂಡಾ 1980ರ ಗೋಲ್ಡ್ ವಿಂಗ್‌ನಲ್ಲಿ ಹೊರೆಗೆ ತಕ್ಕಂತೆ ಒತ್ತಡ ಬದಲಿಸಬಹುದಾದ ಗಾಳಿಯ ಸಹಾಯವನ್ನು ಕೊಟ್ಟಿತು. ಬಿಎಂಡಬ್ಲ್ಯೂ 1993ರಲ್ಲಿ ಟೆಲಿಲಿವರ್ ಎಂಬ ಮುಂಚಕ್ರದ ಏರ್ಪಾಟಿನ ಮೂಲಕ ಬ್ರೇಕಿನ ಮುಳುಗಾಟವನ್ನು ತಗ್ಗಿಸಿ, 2004ರಲ್ಲಿ ಗುಂಡಿಯೊತ್ತಿ ಹೊಂದಿಸಬಹುದಾದ ವಿದ್ಯುನ್ಮಾನ ಸಸ್ಪೆನ್ಷನ್ನನ್ನು ತಂದಿತು. 2013ರ ಡುಕಾಟಿ ಮಲ್ಟಿಸ್ಟ್ರಾಡಾ ಚಲಿಸುತ್ತಿರುವಾಗಲೇ ಕ್ಷಣಕ್ಷಣಕ್ಕೂ ಡ್ಯಾಂಪಿಂಗನ್ನು ತಾನೇ ಬದಲಿಸಿಕೊಳ್ಳುವಂತಾಯಿತು.

ಇವೆಲ್ಲವೂ ಶ್ಲಾಘ್ಯವೇ. ಆದರೂ ಗಣಕಯಂತ್ರವು ತಪ್ಪಾದ ಸ್ಪ್ರಿಂಗನ್ನು ಸರಿಯಾದುದನ್ನಾಗಿ ಮಾಡಲಾರದೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾರ್ಖಾನೆಯು ಸ್ಪ್ರಿಂಗನ್ನು ಆರಿಸುವುದು ಕಲ್ಪಿತ ಸಾಮಾನ್ಯ ಸವಾರನೊಬ್ಬನಿಗಾಗಿ. ಒಂಟಿಯಾಗಿ ಹೊರಟ ಅರವತ್ತು ಕಿಲೋ ತೂಕದವನಿಗೂ, ದಂಪತಿಯೂ ಸಾಮಾನೂ ಸೇರಿದ ಇನ್ನೂರು ಕಿಲೋ ಹೊರೆಗೂ ಒಂದೇ ಸ್ಪ್ರಿಂಗು ಹೊಂದುವುದು ಅಸಾಧ್ಯ. ಪ್ರಿಲೋಡನ್ನು, ಅಂದರೆ ಸ್ಪ್ರಿಂಗನ್ನು ಮೊದಲೇ ಅದುಮಿಡುವ ಪ್ರಮಾಣವನ್ನು, ಬಿಗಿಮಾಡಿದರೆ ಸ್ಪ್ರಿಂಗು ಗಡುಸಾಗುವುದೆಂದು ಅನೇಕರು ನಂಬಿರುತ್ತಾರೆ. ಅದರಿಂದ ವಾಹನದ ಎತ್ತರ ಬದಲಾಗುವುದೇ ವಿನಾ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ. ಆದಕಾರಣ ದುಬಾರಿ ಶಾಕ್ ಕೊಳ್ಳುವ ಮುನ್ನ ಓದುಗರು ಒಂದು ಕೆಲಸ ಮಾಡಬೇಕು: ಹಿಂಚಕ್ರವನ್ನು ನೆಲದಿಂದ ಎತ್ತಿ, ಆಕ್ಸಲಿನಿಂದ ಹಿಂಭಾಗದ ಚೌಕಟ್ಟಿನ ಒಂದು ಗುರುತಿನವರೆಗೆ ಅಳೆದು, ಬಳಿಕ ಪ್ರವಾಸದ ಪೂರ್ಣ ಹೊರೆಯೊಡನೆ ಕುಳಿತು ಮತ್ತೊಬ್ಬರಿಂದ ಅದೇ ಅಂತರವನ್ನು ಅಳೆಯಿಸಬೇಕು. ಈ ಎರಡರ ವ್ಯತ್ಯಾಸವು ಚಕ್ರದ ಒಟ್ಟು ಚಲನೆಯ ಮೂರರಲ್ಲೊಂದು ಪಾಲಿಗೆ ಸಮೀಪವಾಗಿರಬೇಕು. ಪ್ರಿಲೋಡನ್ನು ಪೂರ್ತಿ ಬಿಗಿಗೊಳಿಸಿದರೂ ಅದಕ್ಕಿಂತ ಬಹಳ ಹೆಚ್ಚಾಗಿದ್ದರೆ ಮೊದಲು ಬದಲಿಸಬೇಕಾದುದು ಸ್ಪ್ರಿಂಗು. ಡ್ಯಾಂಪಿಂಗಿನ ವಿಚಾರ ಅದರ ಅನಂತರದ್ದು.